ವರದಿಯ ಕೊನೇ ಪ್ಯಾರಾ ಕತ್ತರಿಸಿ ಹೋಯಿತು. ಮುಖ್ಯವಾದದ್ದನ್ನು ಮೊದಲು ಬರೆಯುವುದು ಹೇಗೆ?

ಡೊಂಬಿವಲಿ ಡೈರಿ · ಜುಲೈ 2, ಬೆಳಿಗ್ಗೆ 9.10

ಎಲ್ಲರಿಗೂ ನಮಸ್ಕಾರ. ನಾನು ನಮ್ಮ ಸಮಾಜದ ಸಂಘಕ್ಕೆ ಆರು ವರ್ಷದಿಂದ ವರದಿ ಬರೆಯುತ್ತಿದ್ದೇನೆ. ಸಂಬಳ ಇಲ್ಲ, ಇಷ್ಟಪಟ್ಟು ಮಾಡುವ ಕೆಲಸ. ಕಾರ್ಯಕ್ರಮ ಮುಗಿಸಿ, ಮುಂಬಯಿ ಲೋಕಲ್ ರೈಲು ಹಿಡಿದು ಮನೆ ಸೇರಿ, ಊಟ ಆದ ಮೇಲೆ ಕೂತು ಬರೆದು, ಮೂರು ಫೋಟೊ ಸೇರಿಸಿ ಪತ್ರಿಕೆಗೆ ಕಳಿಸುತ್ತೇನೆ.

ಜೂನ್‌ನಲ್ಲಿ ವಾರ್ಷಿಕೋತ್ಸವ ಆಯಿತು. ಎಂದಿನ ಹಾಗೆ ವರದಿ ಕಳಿಸಿದೆ. ವಾರ ಕಳೆದು ಅಚ್ಚಾಯಿತು. ಪ್ರಾರ್ಥನೆ ಹಾಡಿದವರು, ದೀಪ ಬೆಳಗಿಸಿದವರು, ವೇದಿಕೆಯಲ್ಲಿ ಕೂತ ಒಂಬತ್ತು ಜನ, ಅಧ್ಯಕ್ಷರ ಭಾಷಣ ಎಲ್ಲ ಇತ್ತು. ಕೊನೇ ಎರಡು ಪ್ಯಾರಾ ಮಾತ್ರ ಇರಲಿಲ್ಲ. ಅದರಲ್ಲಿದ್ದದ್ದು ಹತ್ತನೇ ತರಗತಿ ಪಾಸಾದ ಮಕ್ಕಳ ವಿದ್ಯಾರ್ಥಿವೇತನದ ವಿಷಯ. ಅರ್ಜಿ ಹಾಕಲು ಜೂನ್ 30 ಕೊನೇ ದಿನ ಅಂತ ಬರೆದಿದ್ದೆ.

ನಿನ್ನೆ ನಾಲಾಸೋಪಾರಾದಿಂದ ಒಬ್ಬ ತಾಯಿ ಫೋನ್ ಮಾಡಿದರು. ಗಂಡನಿಗೆ ಕ್ಯಾಂಟೀನಿನಲ್ಲಿ ಕೆಲಸ. ಮಗಳಿಗೆ 84 ಪರ್ಸೆಂಟ್. ಪಕ್ಕದ ಬಿಲ್ಡಿಂಗಿನವರು ಹೇಳಿದ ಮೇಲೆ ಅವರಿಗೆ ಗೊತ್ತಾಗಿದೆ. "ನಿಮ್ಮ ವರದಿ ಪೂರ್ತಿ ಓದಿದ್ದೆ ಅಕ್ಕಾ, ಕತ್ತರಿಸಿ ಕೂಡ ಇಟ್ಟಿದ್ದೇನೆ. ಅದರಲ್ಲಿ ಎಲ್ಲೂ ಇರಲಿಲ್ಲವಲ್ಲ" ಅಂದರು. ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸಂಘದವರನ್ನು ಕೇಳಿ ದಿನ ಮುಂದಕ್ಕೆ ಹಾಕಿಸಿದ್ದೇನೆ. ಈಗ ಜುಲೈ 15. ಮುಖ್ಯವಾದದ್ದನ್ನು ಮೊದಲು ಬರೀರಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಯಾವುದು ಮುಖ್ಯ, ಯಾರಿಗೆ ಮುಖ್ಯ? ದೊಡ್ಡವರ ಹೆಸರು ಕೆಳಗೆ ಹೋದರೆ ಬೇಜಾರು ಮಾಡಿಕೊಳ್ಳುತ್ತಾರೆ. ಕಾರ್ಯಕ್ರಮ ನಡೆದ ಹಾಗೇ ಬರೆಯುವುದು ನನಗೆ ರೂಢಿ. ತಿಳಿದವರು ದಾರಿ ಹೇಳಿ. ಹೊಸ ಪ್ರಕಟಣೆಯನ್ನು ಇವತ್ತು ರಾತ್ರಿ 8ರೊಳಗೆ ಕಳಿಸಬೇಕು.

ಬೊರಿವಲಿ ಫಾಸ್ಟ್ · 9.24

ಪತ್ರಿಕೆಯವರದ್ದೇ ತಪ್ಪು. ವಿದ್ಯಾರ್ಥಿವೇತನದ ಸಾಲನ್ನು ಕತ್ತರಿಸುವುದಾ? ಓದಿ ನೋಡಬೇಕಲ್ವಾ?

ಹಳೇ ಡೆಸ್ಕ್ · 9.51

ಬೊರಿವಲಿ ಅವರೇ, 31 ವರ್ಷ ನಾನು ಆ ಕತ್ತರಿ ಹಿಡಿದು ಕೂತವನು. ಅದಕ್ಕೇ ಹೇಳುತ್ತೇನೆ, ಕೇಳಿ.

ರಾತ್ರಿ ಹತ್ತೂವರೆ. ಪುಟ ಅಚ್ಚಿಗೆ ಹೋಗಬೇಕು. ಕೊನೇ ಗಳಿಗೆಯಲ್ಲಿ ಒಂದು ಜಾಹೀರಾತು ಬಂತು, ಕಾಲು ಪುಟ ಹೋಯಿತು. ಹತ್ತು ಸಂಘಗಳ ಹತ್ತು ವರದಿ ಎದುರಿಗಿದೆ. ಒಂದೊಂದರಿಂದ ಹತ್ತು ಸಾಲು ತೆಗೆಯಬೇಕು. ಎಲ್ಲಿಂದ ತೆಗೆಯುತ್ತೀರಿ? ಕೆಳಗಿನಿಂದ. ಮಧ್ಯದಿಂದ ತೆಗೆದರೆ ಮುಂದಿನ ಪ್ಯಾರಾದ "ಅವರು" ಯಾರು ಅಂತ ಗೊತ್ತಾಗುವುದಿಲ್ಲ. ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಂತೂ ಬೇರೆ ದಾರಿಯೇ ಇರಲಿಲ್ಲ. ಗ್ಯಾಲಿ ಅನ್ನುವ ತಟ್ಟೆಯಲ್ಲಿ ಸಾಲು ಕಟ್ಟಿ ನಿಂತ ಮೊಳೆಗಳನ್ನು ಕಂಪೋಸಿಟರ್ ಬುಡದಿಂದ ಎತ್ತಿ ಪಕ್ಕಕ್ಕಿಡುತ್ತಿದ್ದ. ಮೇಲಿನ ಸಾಲು ಮುಟ್ಟಿದರೆ ಮತ್ತೆ ಜೋಡಿಸಬೇಕು, ಅಷ್ಟು ಹೊತ್ತು ಯಾರ ಹತ್ತಿರ ಇತ್ತು? ಈಗ ಕಂಪ್ಯೂಟರ್ ಬಂದರೂ ಕೈ ಕೆಳಗಿನಿಂದಲೇ ಶುರು ಮಾಡುತ್ತದೆ.

ಕೆಳಗಿನಿಂದ ಕತ್ತರಿಸುತ್ತಾರೆ ಅಂತ ಗೊತ್ತಿದ್ದೇ ಸುದ್ದಿ ಬರೆಯುವವರು ಭಾರವಾದದ್ದನ್ನು ಮೇಲಿಟ್ಟರು. ಅದನ್ನೇ ತಲೆಕೆಳಗಾದ ಪಿರಮಿಡ್ ಅನ್ನುವುದು. ಅಗಲ ಮೇಲೆ, ಮೊನೆ ಕೆಳಗೆ. ಎಲ್ಲಿ ಕತ್ತರಿಸಿದರೂ ಉಳಿದದ್ದು ಒಂದು ಪೂರ್ತಿ ಸುದ್ದಿ ಆಗಿರಬೇಕು.

ಅಮ್ಮಾ ಡೊಂಬಿವಲಿ, ನಿಮ್ಮ ಈ ಪೋಸ್ಟನ್ನೇ ನೋಡಿ. ರಾತ್ರಿ 8ರೊಳಗೆ ಬೇಕು ಅನ್ನುವುದು ಕಟ್ಟಕಡೆಯ ಸಾಲಿನಲ್ಲಿದೆ. ಅರ್ಧ ಓದಿ ಕೆಲಸಕ್ಕೆ ಹೋದವರು ನಾಳೆ ಬಂದು ಉತ್ತರ ಕೊಡುತ್ತಾರೆ.

ಡೊಂಬಿವಲಿ ಡೈರಿ · 9.58

ಹೌದು ಸರ್. ನೋಡಿಯೇ ಇರಲಿಲ್ಲ.

ಮುಲುಂಡ್ ಮಾಮ · 10.15

ನಾನು ಬೇರೊಂದು ಸಂಘದ ಕಾರ್ಯಕಾರಿಣಿಯಲ್ಲಿ 18 ವರ್ಷ ಇದ್ದವನು. ಹೆಸರು ಮೇಲೆ ಬರುವುದನ್ನು ಹಗುರ ಮಾಡಬೇಡಿ.

ವಿರಾರ್‌ನಿಂದ, ಪನ್ವೇಲ್‌ನಿಂದ, ಕೆಲಸ ಮುಗಿಸಿ ಎರಡು ರೈಲು ಬದಲಿಸಿ ಬಂದು ಕುರ್ಚಿ ಹಾಕುವವರಿದ್ದಾರೆ. ಕೈಯಿಂದ ದುಡ್ಡು ಹಾಕುವವರಿದ್ದಾರೆ. ಅವರಿಗೆ ಸಿಗುವುದು ಒಂದು ಶಾಲು, ಪೇಪರಿನಲ್ಲಿ ಒಂದು ಸಾಲು. ಊರಿನಲ್ಲಿ ಅವರ ಅಮ್ಮ ಆ ಸಾಲನ್ನು ನೆರೆಮನೆಯವರಿಗೆ ತೋರಿಸುತ್ತಾರೆ. ಈ ಜನ ಇಲ್ಲದಿದ್ದರೆ ವಿದ್ಯಾರ್ಥಿವೇತನಕ್ಕೆ ದುಡ್ಡು ಎಲ್ಲಿಂದ ಬರುತ್ತದೆ? ನನ್ನ ಮಟ್ಟಿಗೆ ಅವರ ಹೆಸರೂ ಸುದ್ದಿಯೇ.

ವಾಶಿ ವಾಣಿ · 10.22

ಮಾಮ, ಅದು ನಿಜ. ಆದರೆ ನಾಲಾಸೋಪಾರಾದ ಆ ಹುಡುಗಿಗೆ ಆ ಒಂಬತ್ತು ಹೆಸರಿನಿಂದ ಏನು ಸಿಕ್ಕಿತು?

ಮುಲುಂಡ್ ಮಾಮ · 10.26

ಹುಡುಗಿಯ ವಿಷಯ ಬಿಡಿ ಅಂತ ನಾನು ಹೇಳಿದೆನಾ? ಎರಡೂ ಬೇಕು ಅಂತ ಹೇಳುತ್ತಿದ್ದೇನೆ.

ಹಳೇ ಡೆಸ್ಕ್ · 10.40

ಮಾಮನವರ ಮಾತಿನಲ್ಲಿ ಹುರುಳಿದೆ. ಅದಕ್ಕೊಂದು ಉಪಾಯ ಹೇಳುತ್ತೇನೆ. ಹೆಸರುಗಳನ್ನು ಫೋಟೊ ಕೆಳಗಿನ ಅಡಿಬರಹಕ್ಕೆ ಹಾಕಿ. ಎಡದಿಂದ ಬಲಕ್ಕೆ, ಪೂರ್ತಿ ಹೆಸರು, ಇನಿಷಿಯಲ್ ಸಮೇತ. ಡೆಸ್ಕಿನಲ್ಲಿ ಕೂತವರು ವರದಿ ಕತ್ತರಿಸುತ್ತಾರೆ, ಅಡಿಬರಹ ಮುಟ್ಟುವುದು ಕಡಿಮೆ. ಓದುವವರೂ ಮೊದಲು ನೋಡುವುದು ಫೋಟೊವನ್ನೇ. ಊರಿನ ಅಮ್ಮನಿಗೆ ಮಗನ ಮುಖವೂ ಸಿಕ್ಕಿತು, ಹೆಸರೂ ಸಿಕ್ಕಿತು. ವರದಿಯೊಳಗೆ ಒಂಬತ್ತು ಹೆಸರು ಸಾಲಾಗಿ ಬಂದರೆ ಅದನ್ನು ಆ ಒಂಬತ್ತು ಮನೆಯವರು ಬಿಟ್ಟು ಯಾರೂ ಓದುವುದಿಲ್ಲ.

ಮುಲುಂಡ್ ಮಾಮ · 10.47

ಇದು ಆಗಬಹುದು. ನಮ್ಮಲ್ಲೂ ಹೇಳಿ ನೋಡುತ್ತೇನೆ.

ಪಿಂಪ್ರಿ ಶಿಫ್ಟ್ · 11.05

ಪುಣೆಯಿಂದ ಬರೆಯುತ್ತಿದ್ದೇನೆ. ಅಕ್ಕಾ, ನಿಮ್ಮ ಮೊದಲ ವರದಿಯ ಮೊದಲ ಸಾಲು ಇಲ್ಲಿ ಹಾಕಿರಿ. ನೋಡಿದರ ಗೊತ್ತಾಗತದ.

ಡೊಂಬಿವಲಿ ಡೈರಿ · 11.12

ಇದು ಮೊದಲ ಸಾಲು:

"ನಮ್ಮ ಸಂಘದ ವಾರ್ಷಿಕೋತ್ಸವ ಸಮಾರಂಭವು ಇತ್ತೀಚೆಗೆ ಕಿಕ್ಕಿರಿದು ನೆರೆದ ಸಭಿಕರ ಸಮ್ಮುಖದಲ್ಲಿ ವಿವಿಧ ಸಾಂಸ್ಕೃತಿಕ ಕಾರ್ಯಕ್ರಮಗಳೊಂದಿಗೆ ಅದ್ದೂರಿಯಾಗಿ ಜರಗಿತು."

ಇದು ಕತ್ತರಿಸಿ ಹೋದದ್ದು:

"ಕಳೆದ ಹಲವು ವರ್ಷಗಳಿಂದ ಸಮಾಜದ ಆರ್ಥಿಕವಾಗಿ ಹಿಂದುಳಿದ ವಿದ್ಯಾರ್ಥಿಗಳಿಗೆ ನೆರವಾಗುತ್ತ ಬಂದಿರುವ ಸಂಘವು ಈ ವರ್ಷವೂ ಹತ್ತನೇ ತರಗತಿಯಲ್ಲಿ ಶೇ. 60ಕ್ಕಿಂತ ಹೆಚ್ಚು ಅಂಕ ಪಡೆದು ಉತ್ತೀರ್ಣರಾದ ವಿದ್ಯಾರ್ಥಿಗಳಿಂದ ಜೂನ್ 30ರ ಒಳಗಾಗಿ ಅರ್ಜಿಗಳನ್ನು ಆಹ್ವಾನಿಸಿದೆ ಎಂದು ಅಧ್ಯಕ್ಷರು ಈ ಸಂದರ್ಭದಲ್ಲಿ ತಿಳಿಸಿದರು."

ಹಳೇ ಡೆಸ್ಕ್ · 11.20

"ಇತ್ತೀಚೆಗೆ" ಅನ್ನುವ ಪದ ಕಂಡರೆ ನನಗೆ ಈಗಲೂ ಸಂಕಟ ಆಗುತ್ತದೆ. ದಿನ ಹೇಳಲು ಮನಸ್ಸಿಲ್ಲದಾಗ ಬರುವ ಪದ ಅದು. ಯಾವ ದಿನ? ಯಾವ ಹಾಲ್? ಮೊದಲ ಸಾಲಿನಲ್ಲಿ 14 ಪದ ಇದೆ. ಅದರಿಂದ ಓದುಗನಿಗೆ ಗೊತ್ತಾದದ್ದು ಕಾರ್ಯಕ್ರಮ ನಡೆಯಿತು ಅನ್ನುವುದೊಂದೇ. ವಾರ್ಷಿಕೋತ್ಸವ ಪ್ರತಿ ವರ್ಷ ನಡೆಯುತ್ತದೆ, ನಡೆದದ್ದೇ ಹೇಗೆ ಸುದ್ದಿ ಆಗುತ್ತದೆ?

ಫೋರ್ಟ್ ಹುಡುಗ · 11.48

ಈಗ ನನಗೆ 62 ವಯಸ್ಸು, ಆದರೂ ಈ ಹೆಸರೇ ಇರಲಿ.

ನಮ್ಮ ಅಪ್ಪ ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಕ್ಲೀನರ್ ಆಗಿ ಸೇರಿದವರು. ಓದಲು ಕಲಿತದ್ದು ಕನ್ನಡ ರಾತ್ರಿಶಾಲೆಯಲ್ಲಿ. ಹೋಟೆಲ್ ಬಾಗಿಲು ಎಳೆದ ಮೇಲೆ ಮೇಜುಗಳನ್ನು ಜೋಡಿಸಿ ಅದರ ಮೇಲೇ ಹುಡುಗರು ಮಲಗುತ್ತಿದ್ದರು. ಊರಿನ ಪೇಪರ್ ಎರಡು ದಿನ ತಡವಾಗಿ ಕೈಗೆ ಬರುತ್ತಿತ್ತು. ಅಪ್ಪ ಗಲ್ಲಾದ ಹತ್ತಿರದ ಒಂದೇ ಬಲ್ಬಿನ ಕೆಳಗೆ ನಿಂತು ಗಟ್ಟಿಯಾಗಿ ಓದುತ್ತಿದ್ದರು. ಓದಲು ಬರುತ್ತಿದ್ದದ್ದು ಅವರೊಬ್ಬರಿಗೇ. ಹದಿನೈದು ಗಂಟೆ ದುಡಿದ ಹುಡುಗರು, ಎಷ್ಟು ಹೊತ್ತು ಎಚ್ಚರ ಇರುತ್ತಾರೆ? ಒಂದೊಂದು ಸುದ್ದಿಯ ಮೊದಲ ಸಾಲು ಓದಿ ಮುಂದಿನದಕ್ಕೆ ಹೋಗುತ್ತಿದ್ದರಂತೆ. ಯಾರಾದರೂ "ಅದನ್ನು ಪೂರ್ತಿ ಓದು" ಅಂದರೆ ಮಾತ್ರ ಕೆಳಗಿನದು. "ಮೊದಲ ಸಾಲಿನಲ್ಲಿ ಏನೂ ಇಲ್ಲದಿದ್ದರೆ ಆ ಸುದ್ದಿ ನಮ್ಮ ಪಾಲಿಗೆ ಇಲ್ಲ" ಅಂತ ಅಪ್ಪ ಹೇಳುತ್ತಿದ್ದರು.

ಇನ್ನೊಂದು ಟೆಲಿಗ್ರಾಂ. ಪದಕ್ಕೆ ಇಷ್ಟು ಅಂತ ದುಡ್ಡು, ಆದ್ದರಿಂದ ಊರಿನಿಂದ ಬರುತ್ತಿದ್ದದ್ದು ನಾಲ್ಕೇ ಪದ: "ಮದರ್ ಸೀರಿಯಸ್ ಸ್ಟಾರ್ಟ್ ಇಮ್ಮಿಡಿಯೆಟ್ಲಿ." ಇಂಗ್ಲಿಷ್ ಬಾರದಿದ್ದರೂ ಆ ನಾಲ್ಕು ಪದ ಹೋಟೆಲಿನ ಎಲ್ಲ ಹುಡುಗರಿಗೂ ಗೊತ್ತಿತ್ತು. ಯಾರಿಗೆ ಏನಾಗಿದೆ, ನೀನು ಏನು ಮಾಡಬೇಕು. ಅದಕ್ಕಿಂತ ಹೆಚ್ಚು ಏನು ಬೇಕು ಹೇಳಿ?

ವಾಶಿ ವಾಣಿ · 11.55

ಮೈ ಜುಮ್ಮೆಂದಿತು ಅಣ್ಣ. ಟೆಲಿಗ್ರಾಂ ನಿಂತದ್ದು 2010ರಲ್ಲಿ ಅಲ್ವಾ?

ಫೋರ್ಟ್ ಹುಡುಗ · 11.59

ಇಲ್ಲಮ್ಮ, 2013ರ ಜುಲೈಯಲ್ಲಿ. ಕೊನೇ ದಿನ ಜನ ಸಾಲುಗಟ್ಟಿ ನಿಂತು ನೆನಪಿಗೆ ಅಂತ ಕಳಿಸಿದರು. ನಾನೂ ಮಗಳಿಗೆ ಒಂದು ಕಳಿಸಿದ್ದೆ.

ಬೊರಿವಲಿ ಫಾಸ್ಟ್ · 12.10

ಟೆಲಿಗ್ರಾಂ ಅಂದಾಗ ನೆನಪಾಯಿತು. ಈ ಪಿರಮಿಡ್ ಹುಟ್ಟಿದ್ದೇ ತಂತಿಯಿಂದ. ಅಮೆರಿಕದ ಅಂತರ್ಯುದ್ಧದಲ್ಲಿ ತಂತಿ ಯಾವಾಗ ಕಡಿದು ಹೋಗುತ್ತದೋ ಗೊತ್ತಿರಲಿಲ್ಲ. ಅದಕ್ಕೆ ವರದಿಗಾರರು ಮುಖ್ಯವಾದದ್ದನ್ನು ಮೊದಲು ಕಳಿಸಿದರು. ಕಾಲೇಜಿನಲ್ಲಿ ಓದಿದ್ದೇನೆ.

ಮೀಡಿಯಾ ಮೇಷ್ಟ್ರು · 12.31

ನಾನೂ ಹಲವು ವರ್ಷ ಅದನ್ನೇ ಪಾಠ ಮಾಡಿದೆ. ಆಮೇಲೆ ಆ ಕಾಲದ ವರದಿಗಳನ್ನು ಓದಿದ ಮೇಲೆ ತಿದ್ದಿಕೊಂಡೆ. 1861ರಿಂದ 1865ರವರೆಗಿನ ಯುದ್ಧದ ವರದಿಗಳಲ್ಲಿ ಹೆಚ್ಚಿನವು ಕಥೆ ಹೇಳಿದ ಹಾಗೇ ಇವೆ. ಬೆಳಿಗ್ಗೆ ಪಡೆ ಹೊರಟಿತು, ಮಧ್ಯಾಹ್ನ ನದಿ ದಾಟಿತು, ಹೀಗೆ. ಗೆದ್ದವರು ಯಾರು ಅಂತ ತಿಳಿಯಲು ಕೆಳಗೆ ಹೋಗಬೇಕು. ಒಂದು ಹೆಸರಾದ ಉದಾಹರಣೆ ಇದೆ. 1865ರ ಏಪ್ರಿಲ್ 14ರ ರಾತ್ರಿ ಲಿಂಕನ್ ಅವರ ಮೇಲೆ ಗುಂಡು ಹಾರಿದಾಗ ಅಸೋಸಿಯೇಟೆಡ್ ಪ್ರೆಸ್‌ನ ಲಾರೆನ್ಸ್ ಗೋಬ್ರೈಟ್ ಕಳಿಸಿದ ಸಾಲು. ಅಧ್ಯಕ್ಷರಿಗೆ ಇಂದು ರಾತ್ರಿ ನಾಟಕಶಾಲೆಯಲ್ಲಿ ಗುಂಡೇಟು, ಬಹುಶಃ ಬದುಕಲಾರರು, ಅಂತ ಅದರ ಅರ್ಥ. ಯಾರಿಗೆ, ಏನು, ಯಾವಾಗ, ಎಲ್ಲಿ ಎಲ್ಲ ಒಂದೇ ಉಸಿರಿನಲ್ಲಿ. ಆದರೆ ಎಲ್ಲರೂ ಹೀಗೆ ಬರೆಯುವ ರೂಢಿ ಬಂದದ್ದು ಆ ಶತಮಾನ ಮುಗಿಯುವ ಹೊತ್ತಿಗೆ. ತಂತಿಯೂ ಒಂದು ಕಾರಣ. ಅದೊಂದೇ ಕಾರಣ ಅಂದರೆ ಒಪ್ಪುವುದು ಕಷ್ಟ.

ನಮ್ಮ ಕಡೆಯದ್ದೂ ನೋಡಿ. ನಿನ್ನೆ ತಾನೇ ಪತ್ರಿಕಾ ದಿನ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಜರ್ಮನ್ ಮಿಷನರಿ ಮೋಗ್ಲಿಂಗ್ ಅವರ ಮಂಗಳೂರ ಸಮಾಚಾರ ಕಲ್ಲಚ್ಚಿನಲ್ಲಿ ಬಂತು, ಕನ್ನಡದ ಮೊದಲ ಪತ್ರಿಕೆ. ಆಗ ಭಾರತದಲ್ಲಿ ತಂತಿಯೇ ಇರಲಿಲ್ಲ. ಸುದ್ದಿ ಬರುತ್ತಿದ್ದದ್ದು ಕಾಗದದಲ್ಲಿ, ಜನರ ಬಾಯಲ್ಲಿ.

ಪಿಂಪ್ರಿ ಶಿಫ್ಟ್ · 12.40

ಇಲ್ಲಿ ಮುಂಬಯಿ ಸಮಾಚಾರ್ ಅದಕ್ಕೂ ಹಳೇದು. ಗುಜರಾತಿ, 1822. ಹಾರ್ನಿಮನ್ ಸರ್ಕಲ್‌ನಾಗ ಕೆಂಪು ಬಿಲ್ಡಿಂಗ್ ಇನ್ನೂ ಅದ.

ವಾಶಿ ವಾಣಿ · 12.44

ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಈ ಆರು ಪ್ರಶ್ನೆಗಳನ್ನು ಆರು ಜನ ಸೇವಕರು ಅಂತ ಕವಿತೆ ಮಾಡಿದ ಕಿಪ್ಲಿಂಗ್ ಹುಟ್ಟಿದ್ದು ನಮ್ಮ ಮುಂಬಯಿಯಲ್ಲಿ, ಗೊತ್ತಾ? ಜೆಜೆ ಸ್ಕೂಲ್ ಆಫ್ ಆರ್ಟ್‌ನ ಕ್ಯಾಂಪಸ್ಸಿನಲ್ಲಿ, 1865ರಲ್ಲಿ. ಆ ಬಂಗಲೆ ಈಗಲೂ ಇದೆ.

ಮೀಡಿಯಾ ಮೇಷ್ಟ್ರು · 12.50

ಜಾಗ ಅದೇ, ಬಂಗಲೆ ಆಮೇಲೆ ಕಟ್ಟಿದ್ದು. ಅವರ ತಂದೆ ಅಲ್ಲಿ ಮೇಷ್ಟ್ರಾಗಿದ್ದರು. ಕಿಪ್ಲಿಂಗ್ ಹದಿನೇಳು ತುಂಬುವ ಮೊದಲೇ ಲಾಹೋರಿನ ಪತ್ರಿಕೆಗೆ ಸೇರಿದವರು. ಆ ಆರು ಜನರ ಬೆಲೆ ಅವರಿಗೆ ಡೆಸ್ಕಿನಲ್ಲೇ ಗೊತ್ತಾಗಿರಬೇಕು.

ಬೊರಿವಲಿ ಫಾಸ್ಟ್ · 12.58

ವಿಷಯಕ್ಕೆ ಬನ್ನಿ, ಅಕ್ಕನಿಗೆ 8 ಗಂಟೆಗೆ ಕಳಿಸಬೇಕು.

ಚೌಕಿಮನೆ · ಮಧ್ಯಾಹ್ನ 1.20

ನನಗೆ ಈ ಪಿರಮಿಡ್ ಒಪ್ಪಿಗೆ ಇಲ್ಲ. ಎರಡು ಕಾರಣ.

ಒಂದು, ಇದು ಇಂಗ್ಲಿಷಿನವರ ಅಚ್ಚು. ಅವರಲ್ಲಿ ಕ್ರಿಯಾಪದ ಬೇಗ ಬರುತ್ತದೆ. ನಮ್ಮಲ್ಲಿ ಕೊನೆಗೆ ಬರುತ್ತದೆ. "ಆಹ್ವಾನಿಸಿದೆ" ಅನ್ನುವ ತನಕ ಆಹ್ವಾನಿಸಿದ್ದಾರೋ ರದ್ದು ಮಾಡಿದ್ದಾರೋ ಗೊತ್ತಾಗುವುದಿಲ್ಲ. ಭಾಷೆಯೇ ಮುಖ್ಯವಾದದ್ದನ್ನು ಕೊನೆಗೆ ಇಟ್ಟಿರುವಾಗ ನೀವು ಮೊದಲು ತರುವುದು ಹೇಗೆ?

ಎರಡು, ನಾನು ಯಕ್ಷಗಾನದ ವಿಮರ್ಶೆ ಬರೆಯುತ್ತೇನೆ. ಮಳೆಗಾಲದಲ್ಲಿ ಊರಿನ ಮೇಳದವರು ಮುಂಬಯಿಗೆ ಬಂದಾಗ ಸಂಜೆ ಕೂತರೆ ರಾತ್ರಿಯಾಗುತ್ತದೆ. ಚೆಂಡೆ ಕೇಳಿ, ವೇಷ ರಂಗಕ್ಕೆ ಬಂದು, ಮಾತು ಬೆಳೆದು ಆಮೇಲೆ ಯುದ್ಧ. ಕರ್ಣ ಸತ್ತ ಅಂತ ಮೊದಲ ಸಾಲಿನಲ್ಲೇ ಬರೆದರೆ ಉಳಿದದ್ದು ಯಾಕೆ ಓದಬೇಕು?

ಮೀಡಿಯಾ ಮೇಷ್ಟ್ರು · 1.52

ಎರಡನೆಯದನ್ನು ಪೂರ್ತಿ ಒಪ್ಪುತ್ತೇನೆ. ವಿಮರ್ಶೆ, ವ್ಯಕ್ತಿಚಿತ್ರ, ಊರಿನ ನೆನಪು, ಇವಕ್ಕೆ ಪಿರಮಿಡ್ ಹಾಕಿದರೆ ಜೀವ ಹೋಗುತ್ತದೆ. ಕರ್ಣ ಸಾಯುತ್ತಾನೆ ಅಂತ ಪ್ರೇಕ್ಷಕನಿಗೆ ಮೊದಲೇ ಗೊತ್ತಿದೆ. ಅವನು ಬಂದದ್ದು ಹೇಗೆ ಸಾಯುತ್ತಾನೆ ಅಂತ ನೋಡಲು.

ಮೊದಲನೆಯದನ್ನು ಮಾತ್ರ ಒಪ್ಪಲಾರೆ. ಕ್ರಿಯಾಪದ ಕೊನೆಗೆ ಬರುವುದು ವಾಕ್ಯದಲ್ಲಿ, ವರದಿಯಲ್ಲಿ ಅಲ್ಲ. ವಾಕ್ಯ ಚಿಕ್ಕದಾದರೆ ಕೊನೆ ಅನ್ನುವುದು ಹತ್ತಿರವೇ ಇರುತ್ತದೆ. ಡೊಂಬಿವಲಿ ಅವರ ಆ ಕತ್ತರಿಸಿ ಹೋದ ವಾಕ್ಯ ನೋಡಿ. "ನೆರವಾಗುತ್ತ ಬಂದಿರುವ", "ಹೆಚ್ಚು ಅಂಕ ಪಡೆದು ಉತ್ತೀರ್ಣರಾದ", ಒಂದರ ಹಿಂದೆ ಒಂದು ಗೂಡ್ಸ್ ಗಾಡಿಯ ಡಬ್ಬಿಗಳ ಹಾಗೆ. ಓದುವವರು ಎಲ್ಲವನ್ನೂ ತಲೆಯಲ್ಲಿ ಹೊತ್ತುಕೊಂಡು "ಆಹ್ವಾನಿಸಿದೆ" ತನಕ ನಡೆಯಬೇಕು. ಅದರ ಮೇಲೆ "ಎಂದು ಅಧ್ಯಕ್ಷರು ತಿಳಿಸಿದರು." ಒಡೆದು ನೋಡಿ:

"ಹತ್ತನೇ ತರಗತಿ ಪಾಸಾದ ಮಕ್ಕಳಿಗೆ ಸಂಘ ವಿದ್ಯಾರ್ಥಿವೇತನ ಕೊಡುತ್ತದೆ. ಅರ್ಜಿ ಹಾಕಲು ಜುಲೈ 15 ಕೊನೇ ದಿನ."

ಎರಡು ವಾಕ್ಯ. ಅಚ್ಚ ಕನ್ನಡ. ಎರಡನೆಯದರಲ್ಲಿ ಕ್ರಿಯಾಪದವೇ ಇಲ್ಲ, ಯಾರಿಗಾದರೂ ಕೊರತೆ ಅನ್ನಿಸಿತಾ? ಮಾತಿನಲ್ಲಿ ನಾವು ಕ್ರಿಯಾಪದವನ್ನೂ ಮುಂದಕ್ಕೆ ತರುತ್ತೇವೆ. "ಬಂತು ನೋಡಿ ಮಳೆ." "ಸಿಕ್ಕಿತು ಮಾರಾಯ್ರೆ ಸೀಟು." ಮನೆಗೆ ಓಡಿ ಬಂದ ಮಗು "ಅಮ್ಮಾ, ಪಾಸಾದೆ" ಅನ್ನುತ್ತದೆ. ಮೊದಲಿಗೆ ಶಾಲೆಯ ಇತಿಹಾಸ ಹೇಳುವುದಿಲ್ಲ. ಮುಖ್ಯವಾದದ್ದನ್ನು ಮೊದಲು ಹೇಳುವುದು ನಮ್ಮ ಬಾಯಿಗೆ ಬರುತ್ತದೆ, ಪೆನ್ನು ಹಿಡಿದಾಗ ಮರೆತು ಹೋಗುತ್ತದೆ.

ಚೌಕಿಮನೆ · 2.05

"ಅಮ್ಮಾ, ಪಾಸಾದೆ" ಅನ್ನುವುದನ್ನು ಒಪ್ಪಿದೆ. ಆದರೂ ಪೇಪರಿನವರು ಆ ಆರು ಪ್ರಶ್ನೆಗಳನ್ನೂ ಒಂದೇ ವಾಕ್ಯಕ್ಕೆ ತುರುಕುತ್ತಾರೆ. ಅದಕ್ಕೇನು ಹೇಳುತ್ತೀರಿ?

ಹಳೇ ಡೆಸ್ಕ್ · 2.14

ತುರುಕುವುದು ತಪ್ಪು. ನಾನೇ ಎಷ್ಟೋ ಇಂಟ್ರೊ, ಅಂದರೆ ಸುದ್ದಿಯ ಮೊದಲ ವಾಕ್ಯ, ಒಡೆದಿದ್ದೇನೆ. ಆರರಲ್ಲಿ ಈ ಸುದ್ದಿಯ ಜೀವ ಯಾವುದು ಅಂತ ಆರಿಸಬೇಕು. ದೊಡ್ಡ ಮನುಷ್ಯರು ತೀರಿಕೊಂಡರೆ "ಯಾರು". ಅಪಘಾತವಾದರೆ ಎಷ್ಟು ಜನ ಅನ್ನುವುದು. ಅರ್ಜಿಗೆ "ಯಾವಾಗ". ಉಳಿದ ಪ್ರಶ್ನೆಗಳು ಎರಡನೇ, ಮೂರನೇ ಸಾಲಿನಲ್ಲಿ ಬರಲಿ. ಹಳಿ ದುರಸ್ತಿಗೆ ರೈಲು ನಿಲ್ಲಿಸುವ ಮೆಗಾಬ್ಲಾಕ್‌ಗೆ ಯಾವ ಲೈನ್, ಎಲ್ಲಿಂದ ಎಲ್ಲಿಗೆ. ರೈಲ್ವೆಯವರು ಹಳಿ ದುರಸ್ತಿಯ ಬಗ್ಗೆ ಹೇಳಿದ್ದನ್ನು ಮೇಲಿಟ್ಟು, ಭಾನುವಾರ ಕುರ್ಲಾ ಮತ್ತು ವಾಶಿ ನಡುವೆ ಗಾಡಿ ಇಲ್ಲ ಅನ್ನುವುದನ್ನು ಆರನೇ ಪ್ಯಾರಾಕ್ಕೆ ಹಾಕಿದರೆ ಜನ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುತ್ತಾರೆ.

ಬೊರಿವಲಿ ಫಾಸ್ಟ್ · 2.30

"ಎಲ್ಲಿ" ಅನ್ನುವುದರ ಬೆಲೆ ನನಗೆ 2005ರ ಜುಲೈ 26ರಂದು ಗೊತ್ತಾಯಿತು. ನನ್ನ ಆಫೀಸು ಆಗ ಫೋರ್ಟ್‌ನಲ್ಲಿ. ಅಲ್ಲಿ ಸಾಧಾರಣ ಮಳೆ. "ಮುಂಬಯಿಯಲ್ಲಿ ಜೋರು ಮಳೆ" ಅಂತ ಯಾರೋ ಹೇಳಿದರು. ಕಿಟಕಿಯಿಂದ ನೋಡಿ, ಇದೇನು ಜೋರು ಅಂತ ಸಂಜೆ ಹೊರಟೆ. ಆ ದಿನ ಪಕ್ಕದ ಕೊಲಾಬಾದಲ್ಲಿ 73 ಮಿ.ಮೀ., ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಒಂದೇ ಊರು! ರೈಲು ನಿಂತಿತು, ನಡೆದೆ, ಎದೆಮಟ್ಟದ ನೀರು. ಮನೆ ಸೇರಿದ್ದು ಮಾರನೇ ದಿನ ಮಧ್ಯಾಹ್ನ. "ಸಾಂತಾಕ್ರೂಜ್ ಮುಳುಗಿದೆ" ಅಂತ ಎರಡೇ ಪದ ಯಾರಾದರೂ ಹೇಳಿದ್ದರೆ ನಾನು ಆಫೀಸಿನಲ್ಲೇ ಮಲಗುತ್ತಿದ್ದೆ.

ಸಯನ್ ಸಿಸ್ಟರ್ · 3.15

ನಾನು ನರ್ಸ್, ಈಗ ಡ್ಯೂಟಿ ಮುಗಿಯಿತು. ಪೇಪರ್ ಬಿಡಿ, ವಾಟ್ಸಾಪ್ ನೋಡಿ. ದಿನಾ ಬರುತ್ತದೆ: "ದಯವಿಟ್ಟು ಎಲ್ಲರೂ ಗಮನಿಸಿ, ನಮ್ಮ ಆತ್ಮೀಯ ಮಿತ್ರರ ಸಂಬಂಧಿಯೊಬ್ಬರು ಕಳೆದ ಕೆಲವು ದಿನಗಳಿಂದ ಅಸೌಖ್ಯದಿಂದ..." ಓದುತ್ತಾ ಹೋದರೆ ರಕ್ತ ಬೇಕು ಅಂತ ಕೊನೆಗೆ. ಯಾವ ಗುಂಪು? ಇರುವುದಿಲ್ಲ. ಯಾವ ಆಸ್ಪತ್ರೆ? ಇರುವುದಿಲ್ಲ. ತಾರೀಕು ಇರುವುದೇ ಇಲ್ಲ. ರೋಗಿ ಗುಣವಾಗಿ ಮನೆಗೆ ಹೋಗಿ ತಿಂಗಳಾದರೂ ಮೆಸೇಜ್ ತಿರುಗುತ್ತಿರುತ್ತದೆ, ಆ ಮನೆಯವರಿಗೆ ಫೋನ್ ಹೋಗುತ್ತಿರುತ್ತದೆ. "ಬಿ ನೆಗೆಟಿವ್ ರಕ್ತ, ಎರಡು ಬಾಟಲಿ, ಇವತ್ತು ಸಂಜೆಯೊಳಗೆ, ಇಂಥ ಆಸ್ಪತ್ರೆ, ತಾರೀಕು ಇಷ್ಟು." ಇಷ್ಟು ಸಾಕು. ಫೋನಿನ ಪರದೆಯ ಮೇಲೆ ಕಾಣುವುದು ಮೊದಲ ಎರಡು ಸಾಲು ಮಾತ್ರ. ಬೆರಳು ಒತ್ತಿ ಒಳಗೆ ಹೋಗುವವರು ಎಷ್ಟು ಜನ?

ವಾಶಿ ವಾಣಿ · 3.28

ಸಿಸ್ಟರ್, ನನ್ನದೂ ಇದೇ ನೋವು. ನನಗೆ ಪಾಠ ಹೇಳಿಕೊಟ್ಟ ಟೀಚರ್ ತೀರಿಕೊಂಡಾಗ ಗ್ರೂಪಿನಲ್ಲಿ ಮೆಸೇಜ್ ಬಂತು. ಅವರ ಹುಟ್ಟೂರು, ಶಾಲೆ, ಸಿಕ್ಕಿದ ಪ್ರಶಸ್ತಿ, ಮಕ್ಕಳು ಎಲ್ಲಿದ್ದಾರೆ, ಎಲ್ಲ ಬರೆದಿದ್ದರು. ಬಸ್ಸಿನಲ್ಲಿ ನಿಂತು ಓದುತ್ತಿದ್ದೆ. ಅರ್ಧಕ್ಕೆ ಕಣ್ಣು ತುಂಬಿ ಫೋನ್ ಒಳಗಿಟ್ಟೆ. ರಾತ್ರಿ ಮನೆಗೆ ಬಂದು ಪೂರ್ತಿ ಓದಿದರೆ ಕೊನೇ ಸಾಲು: "ಅಂತ್ಯಕ್ರಿಯೆ ಇಂದು ಸಂಜೆ 5ಕ್ಕೆ ಚೆಂಬೂರಿನಲ್ಲಿ." ನಾನು ಐದಕ್ಕೆ ಚೆಂಬೂರ್ ದಾಟಿಯೇ ಬಂದಿದ್ದೆ. ಮುಖ ನೋಡಲು ಆಗಲಿಲ್ಲ.

ಫೋರ್ಟ್ ಹುಡುಗ · 3.36

ಅಯ್ಯೋ ಮಗಳೇ.

ಮೀಡಿಯಾ ಮೇಷ್ಟ್ರು · 4.02

ನಿಧನ ವಾರ್ತೆಯಲ್ಲಿ ಪತ್ರಿಕೆಗಳದ್ದು ಒಳ್ಳೆಯ ರೂಢಿ. ಮೊದಲು ಹೆಸರು, ಪಕ್ಕದಲ್ಲಿ ವಯಸ್ಸು, ಆಮೇಲೆ ಊರು, ಕೆಲಸ, ಕೊನೆಗೆ ಬಂಧುಬಳಗ. ಮರುದಿನದ ಪೇಪರಿಗೆ ಅದು ಸರಿ. ಫೋನಿನಲ್ಲಿ ಅದೇ ದಿನ ಕಳಿಸುವಾಗ ಹೆಸರಿನ ಪಕ್ಕದಲ್ಲೇ ಅಂತ್ಯಕ್ರಿಯೆಯ ಹೊತ್ತು, ಜಾಗ ಬರಬೇಕು. ಸುದ್ದಿ ಒಂದೇ, ಓದುವ ಹೊತ್ತು ಬೇರೆ.

ಇನ್ನೊಂದು ಎಚ್ಚರಿಕೆ. ಯಾರ ಮೇಲಾದರೂ ದೂರು ಇರುವ ಸುದ್ದಿಯಲ್ಲಿ "ಯಾರು ಹೇಳಿದ್ದು" ಅನ್ನುವುದು ಮೊದಲು ಬರಬೇಕು. ನಮ್ಮ "ಎಂದು ಆರೋಪಿಸಿದರು" ಕೊನೆಗೆ ಬರುತ್ತದೆ. ಅಲ್ಲಿಗೆ ತಲುಪುವ ಮೊದಲೇ ಓದುಗ ಅದನ್ನು ನಿಜ ಅಂತ ನಂಬಿರುತ್ತಾನೆ. ಇಲ್ಲಿ ಚೌಕಿಮನೆ ಅವರು ಹೇಳಿದ ತೊಂದರೆ ನಿಜವಾಗಿಯೂ ಇದೆ.

ಡೊಂಬಿವಲಿ ಡೈರಿ · 5.10

ಎಲ್ಲರದ್ದೂ ಓದಿದೆ. ಹೊಸದಾಗಿ ಬರೆದಿದ್ದೇನೆ, ತಿದ್ದಿ ಕೊಡಿ:

"ನಮ್ಮ ಸಂಘದ ವಿದ್ಯಾರ್ಥಿವೇತನದ ಅರ್ಜಿ ಸಲ್ಲಿಸುವ ಅವಧಿಯನ್ನು ಜುಲೈ 15ರವರೆಗೆ ವಿಸ್ತರಿಸಲಾಗಿದೆ. ಹತ್ತನೇ ತರಗತಿಯಲ್ಲಿ ಶೇ. 60ಕ್ಕಿಂತ ಹೆಚ್ಚು ಅಂಕ ಬಂದವರು ಅರ್ಜಿ ಹಾಕಬಹುದು. ಅರ್ಜಿ ಸಂಘದ ಕಚೇರಿಯಲ್ಲಿ ಸಿಗುತ್ತದೆ."

ಮುಲುಂಡ್ ಮಾಮ · 5.18

ಚೆನ್ನಾಗಿದೆ. ದಾನಿಗಳಿಗೆ ಒಂದು ಸಾಲು ಕೃತಜ್ಞತೆ ಕೊನೆಗಾದರೂ ಇರಲಿ. ಕತ್ತರಿಸಿ ಹೋದರೆ ಹೋಗಲಿ.

ಸಯನ್ ಸಿಸ್ಟರ್ · 5.25

ಕಚೇರಿ ಎಷ್ಟು ಗಂಟೆಗೆ ತೆರೆದಿರುತ್ತದೆ? ಏನೇನು ಕಾಗದ ತರಬೇಕು? ನಾಲಾಸೋಪಾರಾದಿಂದ ಬಂದು ಬಾಗಿಲು ಹಾಕಿದ್ದರೆ ಅವರು ಎರಡನೇ ಸಲ ಬರುವುದಿಲ್ಲ. ಅರ್ಧ ದಿನದ ಸಂಬಳ ಹೋಗುತ್ತದೆ.

ಪಿಂಪ್ರಿ ಶಿಫ್ಟ್ · 5.31

ಅವಧಿ ವಿಸ್ತರಣೆ ಅನ್ನೂದು ಮೊದಲು ಬಂದದ್ದು ಸರಿ ಅದ. ಹೊಸಾ ಸುದ್ದಿ ಅದs ಅಲ್ಲೇನು?

ಹಳೇ ಡೆಸ್ಕ್ · 5.44

ಪಿಂಪ್ರಿ ಅವರೇ, ಅಲ್ಲ. ವಿಸ್ತರಣೆ ಯಾರಿಗೆ ಸುದ್ದಿ? ಮೊದಲ ದಿನ ಗೊತ್ತಿದ್ದವರಿಗೆ. ಅವರು ಆಗಲೇ ಅರ್ಜಿ ಹಾಕಿದ್ದಾರೆ. ಈ ಪ್ರಕಟಣೆ ಬೇಕಾಗಿರುವುದು ವಿದ್ಯಾರ್ಥಿವೇತನ ಇದೆ ಅನ್ನುವುದೇ ಗೊತ್ತಿಲ್ಲದ ಮನೆಗೆ. ಆ ತಾಯಿಗೆ ಬರೆಯುತ್ತಿದ್ದೀರಿ ಅಂತ ಅಂದುಕೊಳ್ಳಿ. ಅವರ ಕಣ್ಣಿಗೆ ಮೊದಲು ಬೀಳಬೇಕಾದ ಪದ "ಹತ್ತನೇ ತರಗತಿ". ನನ್ನ ಮಗಳ ವಿಷಯ ಇದು ಅಂತ ಆಗಲೇ ಅವರಿಗೆ ಗೊತ್ತಾಗುವುದು. ವಿಸ್ತರಣೆ ಅನ್ನುವುದು ಕೆಳಗಿರಲಿ. ಮತ್ತೆ "ವಿಸ್ತರಿಸಲಾಗಿದೆ" ಬೇಡ, "ಮುಂದಕ್ಕೆ ಹಾಕಿದೆ" ಅಂದರೆ ಸಾಕು.

ಪಿಂಪ್ರಿ ಶಿಫ್ಟ್ · 5.50

ತಿಳೀತು ಅಣ್ಣಾ. ಖರೇ ಅದ.

ಚೌಕಿಮನೆ · 6.02

ಸಂಘದ ಹೆಸರೂ ಮೊದಲ ಸಾಲಿನಲ್ಲಿ ಬೇಡ. ಎರಡನೆಯದರಲ್ಲಿ ಬರಲಿ.

ಮುಲುಂಡ್ ಮಾಮ · 6.06

ಸಂಘದ ಹೆಸರೇ ಬೇಡವಾ! ಯಾರು ಕೊಡುತ್ತಾರೆ ಅಂತ ಗೊತ್ತಾಗಬೇಡವಾ?

ಚೌಕಿಮನೆ · 6.09

ಬೇಡ ಅನ್ನಲಿಲ್ಲ ಮಾಮ, ಎರಡನೇ ಸಾಲು ಅಂದೆ. ದಪ್ಪ ಅಕ್ಷರದಲ್ಲೇ ಹಾಕಲಿ.

ಡೊಂಬಿವಲಿ ಡೈರಿ · 7.05

ಕಾರ್ಯದರ್ಶಿಗೆ ಫೋನ್ ಮಾಡಿ ಕಚೇರಿಯ ಹೊತ್ತು ಕೇಳಿದೆ. ಭಾನುವಾರವೂ ತೆರೆಯುತ್ತೇವೆ ಅಂದರು. ಈಗ ಹೀಗಿದೆ:

"ಹತ್ತನೇ ತರಗತಿಯಲ್ಲಿ ಶೇ. 60ಕ್ಕಿಂತ ಹೆಚ್ಚು ಅಂಕ ಬಂದ ಮಕ್ಕಳು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಜುಲೈ 15 ಕೊನೇ ದಿನ.

ಅರ್ಜಿ ನಮ್ಮ ಸಂಘದ ಕಚೇರಿಯಲ್ಲಿ ಸಂಜೆ 5ರಿಂದ 8ರವರೆಗೆ ಸಿಗುತ್ತದೆ, ಭಾನುವಾರ ಬೆಳಿಗ್ಗೆ 10ರಿಂದ 1ರವರೆಗೆ. ಅಂಕಪಟ್ಟಿ, ರೇಷನ್ ಕಾರ್ಡ್, ಎರಡರ ಜೆರಾಕ್ಸ್ ತರಬೇಕು. ಮಕ್ಕಳೇ ಬರಬೇಕೆಂದಿಲ್ಲ, ಮನೆಯವರು ಯಾರಾದರೂ ಬರಬಹುದು.

ಮೊದಲು ಜೂನ್ 30 ಕೊನೇ ದಿನವಾಗಿತ್ತು. ಹಲವರಿಗೆ ವಿಷಯ ತಲುಪದ ಕಾರಣ ಸಂಘ ಅದನ್ನು ಮುಂದಕ್ಕೆ ಹಾಕಿದೆ. ನೆರವು ನೀಡಿದ ದಾನಿಗಳಿಗೆ ಸಂಘ ಕೃತಜ್ಞತೆ ಸಲ್ಲಿಸಿದೆ."

ಸಯನ್ ಸಿಸ್ಟರ್ · 7.11

"ಮನೆಯವರು ಯಾರಾದರೂ ಬರಬಹುದು" ಬಹಳ ಒಳ್ಳೆಯದಾಯಿತು.

ಫೋರ್ಟ್ ಹುಡುಗ · 7.20

ಅಪ್ಪ ಇದ್ದಿದ್ದರೆ ಬಲ್ಬಿನ ಕೆಳಗೆ ನಿಂತು ಇದನ್ನು ಪೂರ್ತಿ ಓದುತ್ತಿದ್ದರು.

ಹಳೇ ಡೆಸ್ಕ್ · 7.26

ಕೆಳಗಿನಿಂದ ಕತ್ತರಿಸಿ ನೋಡಿದೆ. ಮೂರನೇ ಪ್ಯಾರಾ ಹೋದರೂ ನಿಲ್ಲುತ್ತದೆ. ಎರಡನೆಯದೂ ಹೋದರೆ ಎಲ್ಲಿಗೆ ಬರಬೇಕು ಅಂತ ಗೊತ್ತಾಗುವುದಿಲ್ಲ. ಸಂಘದ ಫೋನ್ ನಂಬರನ್ನು ಮೊದಲ ಪ್ಯಾರಾದ ಕೊನೆಗೆ ತನ್ನಿ. ಜುಲೈ 15ರ ಜೊತೆಗೆ ವಾರವನ್ನೂ ಹಾಕಿ. ಕೆಲಸಕ್ಕೆ ಹೋಗುವವರು ವಾರ ನೋಡಿ ರಜೆ ಕೇಳುತ್ತಾರೆ.

ಡೊಂಬಿವಲಿ ಡೈರಿ · 7.41

ಎರಡೂ ಹಾಕಿದೆ ಸರ್. ಮಂಗಳವಾರ. ಈಗಷ್ಟೇ ಕಳಿಸಿದೆ. ನಾಲಾಸೋಪಾರಾಕ್ಕೆ ನಾನೇ ಫೋನ್ ಮಾಡಿ ಹೇಳಿದೆ, ಈ ಭಾನುವಾರ ಬರುತ್ತಾರಂತೆ.